ಏರಿ ಬುಡದಲ್ಲಿ ಒದ್ದೆ ಕಂಡ್ರೆ: ಪ್ರೈವೇಟ್ ಕೆರೆ ಇಟ್ಕೊಂಡಿರೋರು ಏನ್ ನೋಡ್ಬೇಕು, ಏನ್ ಮಾಡ್ಬಾರ್ದು

ಚಿಕ್ಕಬಳ್ಳಾಪುರ ಕಡೆ ಈಗ ಎಲ್ಲಿ ನೋಡಿದ್ರೂ ಫಾರ್ಮ್ ಪ್ಲಾಟು, ವೀಕೆಂಡ್ ಲೇಔಟು, ರೆಸಾರ್ಟು. ಬ್ರೋಷರ್ ಬಿಚ್ಚಿದ್ರೆ ಮೊದಲನೇ ಪೇಜಲ್ಲೇ ಕೆರೆ ಫೋಟೋ, ಅದರಲ್ಲೊಂದು ಬೋಟು, ಹಿಂದ್ಗಡೆ ಬೆಟ್ಟ. ಆ ಕೆರೆ ಅಂದ್ರೆ ಎರಡು ದಿಬ್ಬದ ನಡುವೆ ಹರೀತಿದ್ದ ಹಳ್ಳಕ್ಕೆ ಅಡ್ಡ ಜೆಸಿಬಿಲಿ ಮಣ್ಣು ತಳ್ಳಿ ಕಟ್ಟಿದ ಏರಿ, ಎಷ್ಟೇ ಚಿಕ್ಕದಾಗಿದ್ರೂ ಅದು ಡ್ಯಾಮೇ. ನಮ್ಮ ಲೇಔಟಲ್ಲೂ ಅಂಥದ್ದೊಂದಿದೆ. ಏರಿ ಎತ್ತರ 18 ಅಡಿ, ಉದ್ದ ಮುನ್ನೂರು ಅಡಿ ಹತ್ರ, ತುಂಬಿದಾಗ ನೀರು ನಾಲ್ಕು ಎಕರೆ ಹರಡುತ್ತೆ. ಸರಾಸರಿ ಎಂಟಡಿ ಆಳ ಅಂತ ಹಿಡಿದ್ರೂ ಸುಮಾರು 3.9 ಕೋಟಿ ಲೀಟರ್ ಆಯ್ತು, ನಮ್ಮ ಜಿಲ್ಲೆಯವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ 12 ಸಾವಿರ ಲೀಟರಿನ ಟ್ಯಾಂಕರು ಮೂರು ಸಾವಿರದ ಇನ್ನೂರಕ್ಕೂ ಮೇಲೆ. ಅಷ್ಟೂ ಟ್ಯಾಂಕರ್ ಒಂದೇ ಸಲ ಒಂದೇ ಹಳ್ಳಕ್ಕೆ ಸುರಿದ್ರೆ ಹೆಂಗಿರುತ್ತೆ ಯೋಚನೆ ಮಾಡಿ. ಕೆಳಗೆ ಒಂದು ಕಿಲೋಮೀಟರಲ್ಲಿ ಊರಿದೆ, ಹಳ್ಳದ ಪಕ್ಕದಲ್ಲೇ ಶಾಲೆ ಇದೆ, ಅದರಾಚೆ ಊರ ಕೆರೆ.

ಕಾರ್ತಿಕ ಮಾಸದಲ್ಲಿ ಸೈಕ್ಲೋನ್ ಮಳೆ ಮೂರು ದಿನ ಬಿಡದೆ ಹೊಡೀತು, ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೆ ವಾಚ್‌ಮನ್ ಅಣ್ಣನ ಫೋನು. "ಸಾರ್, ಏರಿ ಹಿಂದ್ಗಡೆ ಕಾಲು ಹೂತ್ಕೊಳ್ತಾ ಐತೆ, ನಿನ್ನೆ ಇರ್ಲಿಲ್ಲ." ನನಗಿಂತ ಮುಂಚೆ ಆತ ನಾಲ್ಕು ಜನಕ್ಕೆ ಫೋನ್ ಮಾಡಿದ್ದ. ಲೇಔಟ್ ಮಾಡಿದವರು ಅಸೋಸಿಯೇಷನ್ ಕೇಳಿ ಅಂದ್ರಂತೆ, ಅಸೋಸಿಯೇಷನಲ್ಲಿ ಒಬ್ಬರು ಇನ್ನೊಬ್ಬರನ್ನ ಕೇಳಿ ಅಂದ್ರಂತೆ, ಅವರು ಬೆಂಗಳೂರಲ್ಲಿದ್ದೀನಿ ಭಾನುವಾರ ಬರ್ತೀನಿ ಅಂದ್ರಂತೆ, ಮುಕ್ಕಾಲು ಗಂಟೆ ಹಿಂಗೇ ಹೋಯ್ತು. ಆ ಮುಕ್ಕಾಲು ಗಂಟೆ ಇವತ್ತಿಗೂ ನನಗೆ ನಿದ್ದೆ ಕೆಡಿಸುತ್ತೆ. ಅದಕ್ಕೇ ಈ ಬರಹದಲ್ಲಿ ಮಣ್ಣಿನ ದೋಷದ ಜೊತೆ ಪತ್ರದ ದೋಷವನ್ನೂ ಬರೀತಿದೀನಿ, ಏರಿ ಯಾರದು ಅಂತ ಗೊತ್ತಿಲ್ಲದೇ ಇದ್ರೆ ಯಾವ ರಿಪೇರಿನೂ ಟೈಮಿಗೆ ಆಗಲ್ಲ, ಇದು ನಾವು ಅನುಭವಿಸಿ ಕಲಿತಿದ್ದು.

ಒದ್ದೆ ಕಂಡ ತಕ್ಷಣ

ಮೊದಲು ಒಂದು ಮಾತು, ಎಲ್ಲಾ ಮಣ್ಣಿನ ಏರಿನೂ ಸ್ವಲ್ಪ ಜಿನುಗುತ್ತೆ. ನಮ್ಮೂರ ಹಳೇ ಕೆರೆಗಳ ಹಿಂದ್ಗಡೆ ನೋಡಿ, ಏರಿ ಬುಡದಲ್ಲಿ ಯಾವಾಗಲೂ ಹಸಿರು ಹುಲ್ಲು, ಅಲ್ಲಿ ಕೆಸವಿನ ಸೊಪ್ಪು ಬೆಳೆದಿರುತ್ತೆ. ಆದ್ದರಿಂದ ಒದ್ದೆ ಇದೆಯಾ ಅನ್ನೋದಕ್ಕಿಂತ ನೋಡಬೇಕಾಗಿರೋದು ಮೂರು, ನೀರಿನ ಬಣ್ಣ ಹೆಂಗಿದೆ, ಹರಿವು ದಿನಾ ಜಾಸ್ತಿ ಆಗ್ತಿದೆಯಾ, ಜಾಗ ಹೊಸದಾ. ಕೆಳಗಿನ ಊರಲ್ಲಿ ಒಬ್ಬ ತಾತ ಇದ್ದಾರೆ, ಅವರ ಮನೆತನ ಊರ ಕೆರೆಗೆ ನೀರುಗಂಟಿ ಕೆಲಸ, ಅಂದ್ರೆ ಕೆರೆ ನೀರು ಬಿಡೋದು ಕಾಯೋದು, ಮಾಡ್ಕೊಂಡು ಬಂದಿದ್ದು. ವಾಚ್‌ಮನ್ ಅಣ್ಣ ಅವರನ್ನ ಕರ್ಕೊಂಡು ಬಂದಿದ್ದ. ತಾತ ಚಪ್ಪಲಿ ಬಿಟ್ಟು ಕೆಸರಲ್ಲಿ ಇಳಿದು, ಅಂಗೈಲಿ ನೀರು ತಗೊಂಡು ಬಿಸಿಲಿಗೆ ಹಿಡಿದು ನೋಡಿದ್ರು. "ನೋಡಪ್ಪ, ತಿಳಿನೀರು ಬಂದ್ರೆ ಏರಿ ಬೆವರ್ತಾ ಐತೆ ಅಂತ, ಕೆಂಪುನೀರು ಬಂದ್ರೆ ಏರಿ ಕರಗ್ತಾ ಐತೆ ಅಂತ." ಇಂಜಿನಿಯರುಗಳು ಪೈಪಿಂಗ್ ಅಂತಾರಲ್ಲ, ಮಣ್ಣಿನ ಕಣ ಒಂದೊಂದಾಗಿ ನೀರಿನ ಜೊತೆ ಆಚೆ ಬಂದು ಒಳಗೆ ಕೊಳವೆ ಥರ ದಾರಿ ಆಗೋದು, ತಾತ ಹೇಳಿದ್ದು ಅದೇ. ಆ ಕೊಳವೆ ಕೆಳಗಿಂದ ಶುರುವಾಗಿ ಹಿಂದಕ್ಕೆ ಕೊರ್ಕೊಂಡು ಕೆರೆ ಕಡೆ ಹೋಗುತ್ತೆ, ನೀರಿಗೆ ಮುಟ್ಟಿದ ದಿನ ಕಥೆ ಗಂಟೆಗಳಲ್ಲಿ ಮುಗಿದುಹೋಗುತ್ತೆ.

ಕಣ್ಣಳತೆ ನಂಬಬೇಡಿ. ನಾವು ಮಾಡಿದ್ದು ಹೇಳ್ತೀನಿ. ಒದ್ದೆ ಜಾಗದ ಕೆಳಗೆ ಸಣ್ಣ ಕಾಲುವೆ ತೋಡಿ ನೀರನ್ನೆಲ್ಲಾ ಒಂದು ಕಡೆ ತಂದು ಪಿವಿಸಿ ತುಂಡಿಂದ ಬೀಳೋ ಹಾಗೆ ಮಾಡಿ, 15 ಲೀಟರ್ ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿದ್ವಿ. ಮೊದಲನೇ ದಿನ 50 ಸೆಕೆಂಡಿಗೆ ತುಂಬ್ತು, ಅಂದ್ರೆ ನಿಮಿಷಕ್ಕೆ 18 ಲೀಟರ್. ನಾಲ್ಕನೇ ದಿನ 38 ಸೆಕೆಂಡು, ನಿಮಿಷಕ್ಕೆ 24 ಲೀಟರ್ ಹತ್ರ. ಕೆರೆಲಿ ಅಳತೆ ಕೋಲು ನೆಟ್ಟಿದ್ವಿ, ಅದರಲ್ಲಿ ನೀರು ಎರಡಿಂಚು ಇಳಿದಿತ್ತು. ಕೆರೆ ಮಟ್ಟ ಇಳಿದ್ರೂ ಜಿನುಗು ಏರ್ತಿದೆ ಅಂದ್ರೆ ಒಳಗೆ ದಾರಿ ದೊಡ್ಡದಾಗ್ತಿದೆ ಅಂತ ಲೆಕ್ಕ. ಇನ್ನೊಂದು, ದಿನಾ ಅದೇ ನೀರನ್ನ ಗಾಜಿನ ಬಾಟಲಿಲಿ ಹಿಡಿದು ತಾರೀಕು ಬರೆದ ಟೇಪ್ ಅಂಟಿಸಿ ಕ್ಲಬ್‌ಹೌಸ್ ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಇಟ್ವಿ, ಯಾರೂ ಅಲ್ಲಾಡಿಸಬಾರದು ಅಂತ. ಮೊದಲೆರಡು ಬಾಟಲಿ ತಿಳಿಯಾಗೇ ಇತ್ತು. ಮೂರನೇದರ ತಳದಲ್ಲಿ ಪೌಡರ್ ಹಾಕಿದಂಗೆ ಒಂದು ಪದರ. ನಾಲ್ಕನೇದರಲ್ಲಿ ಉಗುರಿನಷ್ಟು ದಪ್ಪ ಕೆಮ್ಮಣ್ಣು ಕೂತಿತ್ತು, ಮೇಲೆ ನೀರು ಕುಡಿಯೋ ನೀರಿನ ಥರ ತಿಳಿ. ಹರೀತಿದ್ದಾಗ ಬರಿಗಣ್ಣಿಗೆ ಆ ಕೆಂಪು ಕಾಣ್ತಾನೇ ಇರ್ಲಿಲ್ಲ. ಆ ಬಾಟಲಿ ನೋಡಿದ ಮೇಲೆ ಮೀಟಿಂಗಲ್ಲಿ ಒಬ್ಬರೂ ಎದುರು ಮಾತಾಡಲಿಲ್ಲ.

ನೀರು ಕೆಂಪಗೆ ಜೋರಾಗಿ ಬರ್ತಿದ್ರೆ, ಕೆರೆ ಮೇಲ್ಭಾಗದಲ್ಲಿ ಸುಳಿ ಕಂಡ್ರೆ, ಏರಿ ಮೇಲೆ ಹೊಸ ಗುಂಡಿ ಬಿದ್ರೆ, ಬಕೆಟ್ಟು ಬಾಟಲಿ ಎಲ್ಲಾ ಬಿಟ್ಟುಬಿಡಿ. ಮೊದಲು ಕೆಳಗಿನ ಊರಿಗೆ ಹೇಳಿ ಹಳ್ಳದ ಅಕ್ಕಪಕ್ಕದ ಜನ, ದನ ಎಬ್ಬಿಸಿ. 112ಕ್ಕೆ ಫೋನ್, ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್, ತಹಸೀಲ್ದಾರ್, ಪಿಡಿಒ. ಏರಿ ಮೇಲೆ ನಿಂತ್ಕೊಂಡು ವೀಡಿಯೋ ಮಾಡೋ ಹುಡುಗರನ್ನ ಬೈದಾದ್ರೂ ಕೆಳಗಿಳಿಸಿ.

ನೀರು ಎಲ್ಲಿಂದ ಅಂತ ಹಿಡಿಯೋದು

ನಮ್ಮ ಮುಂದೆ ಅನುಮಾನದ ಪಟ್ಟಿ ಉದ್ದ ಇತ್ತು. ದಿಬ್ಬದ ಕಡೆಯಿಂದ ಮಳೆನೀರು ಊಟೆ ಒಡೆದು ಬರ್ತಿರಬಹುದು, ಗಾರ್ಡನ್ನಿನ ಡ್ರಿಪ್ ಪೈಪ್ ಒಡೆದಿರಬಹುದು, ಹೆಗ್ಗಣದ ಬಿಲ, ಒಣಗಿದ ಮರದ ಬೇರು, ಏರಿ ಅಡಿಯ ಮರಳು ಪದರ, ತೂಬಿನ ಪೈಪು (ತೂಬು ಅಂದ್ರೆ ಕೆರೆ ನೀರನ್ನ ಏರಿ ಅಡಿಯಿಂದ ಹೊರಗೆ ಬಿಡೋ ಬಾಗಿಲು). ಸುಲಭದ್ದು ಮೊದಲು ತೆಗೀರಿ. ಡ್ರಿಪ್ಪಿನ ಮೇನ್ ವಾಲ್ವ್ ಒಂದು ರಾತ್ರಿ ಪೂರ್ತಿ ಬಂದ್ ಮಾಡಿದ್ವಿ, ಬೆಳಿಗ್ಗೆ ಅಷ್ಟೇ ಹರಿವು, ಸರಿ ಅದಲ್ಲ. ಊಟೆ ನೀರಾಗಿದ್ರೆ ಮಳೆ ನಿಂತು ನಾಲ್ಕೈದು ದಿನಕ್ಕೆ ಕಮ್ಮಿ ಆಗಬೇಕಿತ್ತು, ಇದು ಏರ್ತಾ ಹೋಯ್ತು, ಅದೂ ಅಲ್ಲ. ಹೆಗ್ಗಣದ ಬಿಲ ಎರಡು ಸಿಕ್ಕಿದ್ವು ಆದ್ರೆ ಅವು ಏರಿ ಮೇಲ್ಗಡೆ, ನೀರಿನ ಮಟ್ಟಕ್ಕಿಂತ ಎತ್ತರ. ಹಂಗಂತ ಬಿಲ ಅಂದ್ರೆ ಸುಮ್ನೆ ಬಿಡಬೇಡಿ, 2019ರಲ್ಲಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಡ್ಯಾಂ ಒಡೆದಾಗ ಮಂತ್ರಿಯೊಬ್ಬರು ಏಡಿ ಕಾರಣ ಅಂದಿದ್ದಕ್ಕೆ ಜನ ಸಿಟ್ಟಾದ್ರು, ಸಿಟ್ಟು ನ್ಯಾಯವಾದದ್ದೇ, ಯಾಕಂದ್ರೆ ಏಡಿ ತೋಡುತ್ತೆ ಅಂತ ಎಲ್ಲರಿಗೂ ಗೊತ್ತು, ಅದು ತೋಡಿದ್ದನ್ನ ನೋಡಿ ಮುಚ್ಚೋಕೆ ಅಂತಲೇ ಮನುಷ್ಯರನ್ನ ಇಡೋದು.

ಉಳಿದಿದ್ದು ಪೈಪು. ಒದ್ದೆ ಇದ್ದ ಜಾಗ ಹಳೇ ತೂಬಿನ ಪೈಪ್ ಹೊರಗೆ ಬರೋ ಬಾಯಿಂದ ಎಡಕ್ಕೆ ನಾಲ್ಕು ಅಡಿ. ಮೇಲ್ಗಡೆ ಪೈಪಿನ ನೇರಕ್ಕೆ ನೀರಲ್ಲಿ ಪೊಟ್ಯಾಷಿಯಂ ಪರ್ಮಾಂಗನೇಟ್, ಬಾವಿಗೆ ಹಾಕ್ತಾರಲ್ಲ ಅದೇ ನೇರಳೆ ಪುಡಿ, ಬಟ್ಟೆ ಗಂಟಲ್ಲಿ ಕಟ್ಟಿ ಕಲ್ಲಿನ ಜೊತೆ ಇಳಿಬಿಟ್ವಿ. ಗಟ್ಟಿ ಮಣ್ಣಿನ ಮೂಲಕ ಜಿನುಗೋ ನೀರಾಗಿದ್ರೆ ಆ ಬಣ್ಣ ಆಚೆ ಬರೋದು ಕನಸಿನ ಮಾತು. ಎರಡು ಗಂಟೆ ಹತ್ತು ನಿಮಿಷಕ್ಕೆ ಈ ಕಡೆ ನೀರು ತೆಳು ಗುಲಾಬಿ ಆಯ್ತು. ಅಂದ್ರೆ ಒಳಗೆ ತೆರೆದ ದಾರಿ ಇದೆ.

ಕಾರಣ ಕೆದಕಿದ್ರೆ ತಲೆ ತಗ್ಗಿಸೋ ವಿಷಯ. ಮೂರು ವರ್ಷದ ಹಿಂದೆ ಆ ಪೈಪಿನ ವಾಲ್ವ್ ಸೋರ್ತಿತ್ತು, ನೀರು ವೇಸ್ಟ್ ಆಗ್ತಿದೆ ಅಂತ ಅಸೋಸಿಯೇಷನ್ನಿನವರು, ಅದರಲ್ಲಿ ನಾನೂ ಕೈ ಎತ್ತಿದ್ದೆ, ಹೊರಗಡೆ ಬಾಯಿಗೆ ಕಾಂಕ್ರೀಟ್ ತುಂಬಿ ಮುಚ್ಚಿಸಿದ್ವಿ. ಇದು ಎಂಥ ತಪ್ಪು ಅಂದ್ರೆ, ಕೆಳಗಿನ ಬಾಯಿ ಮುಚ್ಚಿ ಮೇಲಿನ ಬಾಯಿ ತೆರೆದೇ ಇದ್ರೆ ಕೆರೆಯ ಪೂರಾ ಒತ್ತಡ ಪೈಪಿನ ಒಳಗೆ, ಅಂದ್ರೆ ಏರಿಯ ಹೊಟ್ಟೆ ಒಳಗೇ ಬಂದು ಕೂರುತ್ತೆ. ಪೈಪಿನ ಒಂದು ಜಾಯಿಂಟ್ ಸ್ವಲ್ಪ ಬಿಟ್ಕೊಂಡ್ರೂ ಸಾಕು, ಅಲ್ಲಿಂದ ನೀರು ಮಣ್ಣಿಗೆ ನುಗ್ಗಿ ಪೈಪಿನ ಮೈಗುಂಟ ದಾರಿ ಮಾಡ್ಕೊಳ್ಳುತ್ತೆ. ಪೈಪಿನ ಪಕ್ಕೆ ಕೆಳಗೆ ರೋಲರ್ ಹೋಗಲ್ಲ, ಮಣ್ಣು ಗಟ್ಟಿ ಕೂತಿರಲ್ಲ, ಸಣ್ಣ ಡ್ಯಾಮುಗಳಲ್ಲಿ ಕಾಯಿಲೆ ಶುರುವಾಗೋ ಮಾಮೂಲಿ ಜಾಗ ಇದು. ತೂಬಿನ ಬಾಗಿಲು ಯಾವಾಗಲೂ ನೀರಿನ ಕಡೆ ಇರಬೇಕು. ನಮ್ಮ ಹಳೇ ಕೆರೆಗಳಲ್ಲಿ ತೂಬಿನ ಕಲ್ಲುಕಂಬ ಕೆರೆ ಒಳಗಡೆ ನಿಂತಿರುತ್ತಲ್ಲ, ನೀರುಗಂಟಿ ಈಜ್ಕೊಂಡು ಹೋಗಿ ಎತ್ತಬೇಕಾಗಿತ್ತಲ್ಲ, ಅಷ್ಟು ಕಷ್ಟ ಪಟ್ಟು ಅಲ್ಲಿ ಯಾಕೆ ಇಟ್ಟಿದ್ರು ಅಂತ ನನಗೆ ಅವತ್ತು ಹೊಳೀತು.

ಹೊರಗಡೆಯಿಂದ ಮುಚ್ಚಬೇಡಿ

ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಗೇಟಿಗೆ ಅಂಟಿಸಬೇಕು ಅನ್ಸುತ್ತೆ. ಸೋರ್ತಿರೋ ಜಾಗ ಕಂಡ್ರೆ ಎಲ್ಲರಿಗೂ ಮೊದಲು ಬರೋ ಐಡಿಯಾ ಒಂದೇ, ಜೇಡಿಮಣ್ಣು ಮೆತ್ತು, ಸಿಮೆಂಟ್ ಹಾಕು, ಟಾರ್ಪಾಲ್ ಹೊದಿಸು. ನಮ್ಮಲ್ಲೂ ಒಬ್ಬರು ಅಷ್ಟೊತ್ತಿಗೆ ಎರಡು ಮೂಟೆ ಸಿಮೆಂಟ್ ತರಿಸಿದ್ರು. ಕೆರೆ ಕಡೆ ಮುಚ್ಚಬಹುದು, ಆದ್ರೆ ನೀರು ಆಚೆ ಬರೋ ಕಡೆ ಮುಚ್ಚಿದ್ರೆ ಅದು ಏರಿ ಒಳಗೆ ಒತ್ತಡ ಕಟ್ಕೊಂಡು ಇನ್ನೊಂದು ಕಡೆ ಒಡ್ಕೊಂಡು ಬರುತ್ತೆ, ಅಥವಾ ಏರಿ ಇಳಿಜಾರೇ ಕುಸಿಯುತ್ತೆ. ನೀರನ್ನ ಬಿಡಬೇಕು, ಮಣ್ಣನ್ನ ಹಿಡೀಬೇಕು. ಅದಕ್ಕೆ ಮರಳಿನ ಫಿಲ್ಟರ್: ಮೊದಲು ಒದ್ದೆ ಜಾಗದ ಮೇಲೆ ತೊಳೆದ ದಪ್ಪ ಮರಳು ಒಂದಡಿ, ಅದರ ಮೇಲೆ ಬೇಬಿ ಜಲ್ಲಿ, ಅದರ ಮೇಲೆ ಮುಕ್ಕಾಲು ಇಂಚಿನ ಜಲ್ಲಿ, ಎಲ್ಲದರ ಮೇಲೆ ಭಾರಕ್ಕೆ ಸೈಜುಗಲ್ಲು. ಈ ಕ್ರಮ ಉಲ್ಟಾ ಆಗಬಾರದು, ಸೀದಾ ಜಲ್ಲಿ ಹಾಕಿದ್ರೆ ಸಂದಿನಲ್ಲಿ ಮಣ್ಣು ಆರಾಮಾಗಿ ಆಚೆ ಬರುತ್ತೆ. ಒಂದೇ ತೂತಿಂದ ಬುಗ್ಗೆ ಥರ ಬರ್ತಿದ್ರೆ ಅದರ ಸುತ್ತ ಮರಳು ಚೀಲದಲ್ಲಿ ಬಾವಿಕಟ್ಟೆ ಹಂಗೆ ಕಟ್ಟಿ, ಒಳಗೆ ನೀರು ಎರಡು ಮೂರು ಅಡಿ ನಿಲ್ಲಲಿ, ಆ ನೀರಿನ ಭಾರಕ್ಕೆ ಹರಿವಿನ ಜೋರು ಇಳಿಯುತ್ತೆ, ಪೂರ್ತಿ ನಿಲ್ಲಿಸೋಕೆ ಹೋಗಬೇಡಿ. ನಮ್ಮಲ್ಲಿ ಮರಳು ಹಾಕಿದ ಆರು ಗಂಟೆಗೆ ನೀರು ತಿಳಿಯಾಯ್ತು, ಹರಿವು ಅಷ್ಟೇ ಇತ್ತು. ತಿಳಿಯಾಗಿದ್ದೇ ದೊಡ್ಡ ವಿಷಯ.

ಇದು ತಾತ್ಕಾಲಿಕ ಅಷ್ಟೇ ಆಯ್ತಾ. ನಿಜವಾದ ಔಷಧಿ ಅಂದ್ರೆ ಕೆರೆ ಮಟ್ಟ ಇಳಿಸೋದು, ನಮ್ಮ ತೂಬಿನ ಬಾಯಿಗೆ ನಾವೇ ಕಾಂಕ್ರೀಟ್ ತುಂಬಿದ್ವಲ್ಲ, ಇಳಿಸೋಕೆ ದಾರಿನೇ ಇರ್ಲಿಲ್ಲ. ಸೈಫನ್ ಹಾಕಿದ್ವಿ, ಅಂದ್ರೆ ಪಂಪಿಲ್ಲದೆ ಪೈಪಿನ ಮೂಲಕ ಏರಿ ಮೇಲಿಂದ ನೀರು ತಾನೇ ಕೆಳಗೆ ಹರಿಯೋ ಹಾಗೆ ಮಾಡೋದು. ತುಮಕೂರು ಕಡೆಯವರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮಿನ ಸೈಫನ್ ನೋಡಿರ್ತೀರ, ನೀರು ಒಂದು ಮಟ್ಟ ಮುಟ್ಟಿದ ಕೂಡ್ಲೇ ಯಾರೂ ಮುಟ್ಟದೆ ತಾನೇ ಹರಿಯೋಕೆ ಶುರು ಆಗುತ್ತಲ್ಲ, ತತ್ವ ಅದೇ, ನಮ್ಮದು ಬಡವರ ಸೈಫನ್. ನಾಲ್ಕಿಂಚಿನ ಎಚ್‌ಡಿಪಿಇ ಪೈಪು ಏರಿ ಮೇಲಿಂದ ಹಾಯಿಸಿ, ಎರಡೂ ತುದಿ ಮುಚ್ಚಿ, ನೆತ್ತಿಯಲ್ಲಿ ಟೀ, ಅಂದ್ರೆ ಮೂರು ಬಾಯಿಯ ಪೈಪ್ ಜಾಯಿಂಟ್, ಹಾಕಿ ಅಲ್ಲಿಂದ ನೀರು ತುಂಬಿಸಿ ಗಾಳಿ ಪೂರಾ ತೆಗೆದು, ಟೀ ಬಿಗಿ ಮುಚ್ಚಿ ಆಮೇಲೆ ಎರಡೂ ತುದಿ ಬಿಡೋದು. ಮೂರು ಪೈಪ್ ಹಾಕಿದ್ಮೇಲೆ ನಮ್ಮ ನಾಲ್ಕು ಎಕರೆಲಿ ದಿನಕ್ಕೆ ಮುಕ್ಕಾಲರಿಂದ ಒಂದಡಿ ಇಳೀತು, ಡೀಸೆಲ್ ಖರ್ಚಿಲ್ಲ. ಪೈಪಿನ ಕೆಳ ತುದಿ ಏರಿ ಬುಡಕ್ಕೆ ಬೀಳಬಾರದು, ದೂರ ಒಯ್ದು ಬಂಡೆ ಮೇಲೆ ಬಿಡಿ. ಪ್ರಾಣದ ಪ್ರಶ್ನೆ ಇಲ್ಲ ಅಂದ್ರೆ ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಬೇಡಿ, ಯಾಕಂದ್ರೆ ಏರಿಯ ಕೆರೆ ಕಡೆ ಮಣ್ಣು ನೀರು ಕುಡಿದು ಭಾರವಾಗಿರುತ್ತೆ, ಎದುರಿಗೆ ಆತುಕೊಂಡಿದ್ದ ನೀರು ದಿಢೀರ್ ಅಂತ ಹೋದ್ರೆ ಆ ಇಳಿಜಾರು ಒಳಗಡೆ ಜಾರುತ್ತೆ.

ಬೇಸಿಗೇಲಿ ಪೈಪ್ ಅಗೆದು ತೆಗೆದು ಹೊಸದು ಹಾಕಿಸಿದ್ವಿ, ಅಗಲವಾಗಿ ಇಳಿಜಾರಾಗಿ ತೋಡಿ, ಆರಾರು ಇಂಚಿನ ಪದರಕ್ಕೆ ಹದವಾಗಿ ನೀರು ಹಾಕಿ ಕುಟ್ಟಿಸಿ. ಮುಂಚೆ ಪೈಪಿನ ಸುತ್ತ ಕಾಂಕ್ರೀಟ್ ಕಾಲರ್ ಕೂರಿಸ್ತಿದ್ರು, ಕಾಲರ್ ಸುತ್ತಲೂ ಮಣ್ಣು ಕೂರಲ್ಲ ಅಂತ ಈಗ ಹೊರಗಡೆ ಭಾಗದಲ್ಲಿ ಪೈಪನ್ನ ಸುತ್ತುವರಿದು ಮರಳಿನ ಫಿಲ್ಟರ್ ಇಡೋದು ರೂಢಿ, ನಮಗೂ ಇಂಜಿನಿಯರ್ ಅದನ್ನೇ ಹೇಳಿದ್ರು. ತುಂಬೋ ಮಣ್ಣನ್ನ ಒಂದು ಸಲ ಗಾಜಿನ ಲೋಟದ ನೀರಲ್ಲಿ ಹಾಕಿ ನೋಡಿ. ಹೆಂಟೆ ಹಾಗೇ ಕೂತ್ರೆ ಅಥವಾ ಪುಡಿಯಾಗಿ ತಳದಲ್ಲಿ ಬಿದ್ರೆ ಪರವಾಗಿಲ್ಲ, ಹಾಲು ಕದಡಿದಂಗೆ ಸುತ್ತ ಮೋಡ ಹರಡಿ ನೀರು ತಿಳಿಯಾಗಲೇ ಇಲ್ಲ ಅಂದ್ರೆ ಆ ಮಣ್ಣು ಏರಿಗೆ ಬೇಡ.

ಕೋಡಿ ಮತ್ತು ಏರಿ ನೆತ್ತಿ

ಪೈಪಿನ ಗಲಾಟೆಯಲ್ಲಿ ಎಲ್ಲಾ ಕಡೆ ಅಳತೆ ಮಾಡ್ತಿದ್ದಾಗ ಇನ್ನೊಂದು ಸಿಕ್ತು, ಅದು ಪೈಪಿಗಿಂತ ಭಯ ಬೀಳಿಸ್ತು. ಗಾರೆ ಮೇಸ್ತ್ರಿ ಹತ್ರ ಟ್ರಾನ್ಸ್‌ಪರೆಂಟ್ ಲೆವೆಲ್ ಪೈಪ್ ಇರುತ್ತಲ್ಲ, ಗಾಳಿಗುಳ್ಳೆ ಇಲ್ಲದಂಗೆ ನೀರು ತುಂಬಿಸಿ ಒಂದು ತುದಿ ಕೋಡಿ (ಕೆರೆ ತುಂಬಿದ್ಮೇಲೆ ಹೆಚ್ಚಿನ ನೀರು ಹೊರಗೆ ಹೋಗೋ ದಾರಿ) ಕಲ್ಲಿನ ಹತ್ರ ಹಿಡಿದು ಇನ್ನೊಂದು ತುದಿ ಏರಿ ಮೇಲೆ ಇಪ್ಪತ್ತು ಅಡಿಗೊಂದು ಕಡೆ ಹಿಡೀತಾ ಹೋದ್ವಿ. ಡ್ರಾಯಿಂಗ್ ಪ್ರಕಾರ ಕೋಡಿಗಿಂತ ಏರಿ ಮೂರಡಿ ಎತ್ತರ ಇರಬೇಕು. ನಡುಮಧ್ಯೆ, ವಾಕಿಂಗ್ ಟೈಲ್ಸ್ ಹಾಕಿರೋ ಕಡೆ, ಒಂಬತ್ತು ಇಂಚು ಕುಗ್ಗಿತ್ತು, ನಡೆದಾಡುವಾಗ ಯಾರಿಗೂ ಗೊತ್ತೇ ಆಗಲ್ಲ. ಕೋಡಿಗೆ ಕಾಟ್ಲಾ ರೋಹು ಮೀನು ಹೋಗಬಾರದು ಅಂತ ಕಬ್ಬಿಣದ ಮೆಶ್ ಹಾಕಿಸಿದ್ವಿ, ಅದಕ್ಕೆ ನೀಲಗಿರಿ ಎಲೆ, ಅಂತರಗಂಗೆ, ಚಿಪ್ಸ್ ಕವರ್ ಮೆತ್ಕೊಂಡು ಒಂದೂವರೆ ಅಡಿ ಗೋಡೆ ಆಗಿತ್ತು. ಲೆಕ್ಕ ಹಾಕಿ, 36 ಇಂಚಲ್ಲಿ 9 ಕುಗ್ಗು ಕಳೆದು 18 ಮೆಶ್ ಕಳೆದ್ರೆ ಉಳಿದಿದ್ದು ಬರೀ 9 ಇಂಚು. ಇನ್ನೊಂದು ರಾತ್ರಿ ಮಳೆ ಬಂದಿದ್ರೆ ನೀರು ಏರಿ ಮೇಲೇ ಹತ್ತುತ್ತಿತ್ತು, ಮಣ್ಣಿನ ಏರಿ ಮೇಲೆ ನೀರು ಹರಿದ್ರೆ ತಡೆಯೋ ಶಕ್ತಿ ಅದಕ್ಕಿಲ್ಲ.

ಇದೇ ಕಥೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಗಿಹೋಗಿದೆ, ನಾನು ಆಮೇಲೆ ಓದಿ ತಣ್ಣಗಾಗಿಬಿಟ್ಟೆ. ಸೌತ್ ಫೋರ್ಕ್ ಡ್ಯಾಂ, 72 ಅಡಿ ಎತ್ತರದ ಮಣ್ಣಿನ ಏರಿ, ಮೊದಲು ಸರ್ಕಾರ ಕಾಲುವೆಗೆ ನೀರು ಬೇಕು ಅಂತ ಕಟ್ಟಿದ್ದು, ಆಮೇಲೆ ರೈಲ್ವೆ ಕಂಪನಿ ಕೈಗೆ ಹೋಯ್ತು, ಅಲ್ಲಿಂದ ಖಾಸಗಿಯವರ ಕೈಗೆ. 1879ರಲ್ಲಿ ಪಿಟ್ಸ್‌ಬರ್ಗಿನ ಶ್ರೀಮಂತರು ಮೀನು ಹಿಡಿಯೋಕೆ, ಬೋಟಿಂಗಿಗೆ ಅಂತ ಅಲ್ಲಿ ಕ್ಲಬ್ ಮಾಡ್ಕೊಂಡ್ರು, ಆಂಡ್ರ್ಯೂ ಕಾರ್ನೆಗಿ ಕೂಡ ಅದರ ಮೆಂಬರ್. ಹಿಂದಿನ ಓನರ್ ತಳದಲ್ಲಿದ್ದ ಐದು ಕಬ್ಬಿಣದ ಪೈಪ್ ಕಿತ್ತು ಗುಜರಿಗೆ ಮಾರಿದ್ದ, ಕ್ಲಬ್ಬಿನವರು ಅದನ್ನ ವಾಪಸ್ ಹಾಕಲಿಲ್ಲ, ಅಂದ್ರೆ ನೀರು ಇಳಿಸೋ ದಾರಿನೇ ಇಲ್ಲ. ಗಾಡಿ ಓಡಾಡಲಿ ಅಂತ ಏರಿ ನೆತ್ತಿ ತಗ್ಗಿಸಿ ಅಗಲ ಮಾಡಿದ್ರು. ಮೀನು ಹೋಗದಂಗೆ ಕೋಡಿಗೆ ಜಾಲರಿ ಹಾಕಿದ್ರು. ಕೆಳಗಿನ ಜಾನ್ಸ್‌ಟೌನ್ ಊರಿನ ಕಬ್ಬಿಣದ ಕಾರ್ಖಾನೆಯವರು 1880ರಲ್ಲಿ ತಮ್ಮ ಇಂಜಿನಿಯರನ್ನ ಕಳಿಸಿ ನೋಡಿಸಿದ್ರು, ಆತ ಪೈಪಿಲ್ಲದ ವಿಷಯ ಬರೆದು ಕೊಟ್ಟ, ಕ್ಲಬ್ಬಿನವರು ನಿಮಗೇನೂ ಅಪಾಯ ಇಲ್ಲ ಅಂತ ಉತ್ತರ ಬರೆದ್ರು. 1889ರ ಮೇ 31ರಂದು ಮಳೆಗೆ ಜಾಲರಿ ಕಸ ಕಟ್ಟಿ, ನೀರು ಏರಿ ಹತ್ತಿ ಒಡೀತು. 14 ಮೈಲಿ ಕೆಳಗಿದ್ದ ಊರು ಕೊಚ್ಕೊಂಡು ಹೋಯ್ತು, ಸತ್ತವರು 2,209 ಜನ. ಪರಿಹಾರ ಕೊಡಿ ಅಂತ ಕೋರ್ಟಿಗೆ ಹೋದವರಿಗೆ ಕ್ಲಬ್ಬಿಂದ ಒಂದು ಪೈಸೆ ಸಿಗಲಿಲ್ಲ. ಪೈಪಿಲ್ಲ, ನೆತ್ತಿ ತಗ್ಗು, ಕೋಡಿಗೆ ಮೀನಿನ ಜಾಲರಿ, ಮೂರಕ್ಕೆ ಮೂರೂ ನಮ್ಮ ಏರಿ ಮೇಲೂ ಇದ್ವು.

ಹವಾಯಿಯ ಕಾ ಲೊಕೊ ಡ್ಯಾಂ ಒಡೆದಿದ್ದು ಈಗಿನ ಕಾಲದಲ್ಲೇ, 2006ರ ಮಾರ್ಚಲ್ಲಿ, ಅದೂ ಖಾಸಗಿಯದ್ದೇ, ಏಳು ಜನ ಸತ್ರು, ಕೋಡಿ ಮುಚ್ಚಿಹೋಗಿತ್ತು ಅನ್ನೋದೇ ಅಲ್ಲಿ ಮುಖ್ಯ ಆರೋಪ. ಮೀನು ಹೋದ್ರೆ ಹೋಗಲಿ, ಮೆಶ್ ಕಿತ್ತು ಬಿಸಾಕಿ. ನಾವು ಅವತ್ತೇ ಗ್ಯಾಸ್ ಕಟರ್ ತರಿಸಿ ಕತ್ತರಿಸಿದ್ವಿ.

ಈ ಏರಿ ಯಾರದು

ಈಗ ಪತ್ರದ ದೋಷ. ನಿಮ್ಮ ಸೇಲ್ ಡೀಡ್ ತೆಗೆದು ನೋಡಿ, ಕ್ಲಬ್‌ಹೌಸು, ರೋಡು, ಪಾರ್ಕು ಎಲ್ಲಾ ಕಾಮನ್ ಏರಿಯಾ ಅಂತ ಬರೆದಿರ್ತಾರೆ, ಏರಿ, ಕೋಡಿ, ತೂಬು ಅಂತ ಒಂದು ಮಾತಾದ್ರೂ ಇದೆಯಾ? ನಮ್ಮದರಲ್ಲಿ 'ವಾಟರ್ ಬಾಡಿ' ಅಂತ ಒಂದೇ ಪದ ಇತ್ತು. ಆಮೇಲೆ ಗ್ರಾಮ ನಕ್ಷೆ ತೆಗೆಸಿ, ಪಹಣಿ, ಆಕಾರಬಂದ್ (ಸರ್ವೇ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಸರ್ವೇ ಅಳತೆಯ ಸ್ಕೆಚ್ಚು) ಜೊತೆ ಇಟ್ಟು ನೋಡಿ. ಹಳ್ಳ ಹಾದುಹೋಗೋ ಜಾಗ 'ಬಿ' ಖರಾಬು ಅಂತ ಇದ್ರೆ ಅದು ಸಾರ್ವಜನಿಕ ಜಾಗ, ನೀವು ದುಡ್ಡು ಕೊಟ್ಟು ತಗೊಂಡಿರೋ ಸರ್ವೇ ನಂಬರಿನ ಒಳಗೇ ಇದ್ರೂ ನಿಮ್ಮದಾಗಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಹಳ್ಳ, ಕೆರೆ, ಹರಿಯೋ ನೀರು, ನಿಂತ ನೀರು, ಬೇರೆಯವರ ಹಕ್ಕು ಇಲ್ಲದಿದ್ರೆ ಸರ್ಕಾರದ್ದು ಅಂತಲೇ ಹೇಳುತ್ತೆ. ನಮ್ಮ ಏರಿಯ ನಡುಭಾಗ, ಸರಿಯಾಗಿ ಆ ಪೈಪ್ ಇದ್ದ ಜಾಗ, ಬಿ ಖರಾಬಿನ ಮೇಲೆ ಕೂತಿದೆ. ಎಡಕ್ಕೆ ಲೇಔಟ್ ಮಾಡಿದವರ ಹೆಸರಲ್ಲೇ ಉಳಿದ ತುಂಡು, ಬಲಕ್ಕೆ ನಮ್ಮ ಕಾಮನ್ ಏರಿಯಾ. ಅದಕ್ಕೇ ಅವತ್ತು ಆ ಮುಕ್ಕಾಲು ಗಂಟೆ ಫೋನು ಸುತ್ತಿದ್ದು.

ಡ್ಯಾಂ ಸೇಫ್ಟಿ ಕಾಯ್ದೆ 2021 ಬಂದಿದೆಯಲ್ಲ ಅಂತ ಕೇಳ್ತಾರೆ. ಅದು 15 ಮೀಟರಿಗಿಂತ ಎತ್ತರದ್ದಕ್ಕೆ, 10ರಿಂದ 15 ಮೀಟರಿದ್ರೆ ಉದ್ದ 500 ಮೀಟರ್, ನೀರು ಹತ್ತು ಲಕ್ಷ ಘನ ಮೀಟರ್ ಅಂತ ಕೆಲವು ಷರತ್ತಲ್ಲಿ ಒಂದಾದ್ರೂ ಇರಬೇಕು. ನಮ್ಮ 18 ಅಡಿ, 40 ಸಾವಿರ ಘನ ಮೀಟರಿನ ಏರಿ ಅದರ ಲೆಕ್ಕಕ್ಕೇ ಬರಲ್ಲ. ಹಂಗಂದ್ರೆ ಯಾರೂ ಕೇಳಲ್ಲ ಅಂತ ಅಲ್ಲ, ನಿರ್ಲಕ್ಷ್ಯದಿಂದ ಜೀವ ಹೋದ್ರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ಆ ಕಾಯ್ದೆಲಿ ದೊಡ್ಡ ಡ್ಯಾಮಿನ ಓನರಿಗೆ ಹೇಳಿರೋದನ್ನ, ಅಂದ್ರೆ ಮಳೆಗಾಲಕ್ಕೆ ಮುಂಚೆ ಒಂದು ಸಲ ಆದ್ಮೇಲೆ ಒಂದು ಸಲ ತಪಾಸಣೆ, ಅಪಾಯ ಬಂದ್ರೆ ಏನು ಅಂತ ಬರೆದಿಟ್ಟ ಪ್ಲಾನು, ನಾವೂ ಮಾಡೋಕೆ ಯಾರ ಅಪ್ಪಣೆನೂ ಬೇಕಿಲ್ಲ.

ಎರಡು ಹಳೇ ಕೇಸು ನನ್ನ ತಲೇಲಿ ಕೂತ್ಬಿಟ್ಟಿವೆ. ಒಂದು ಇಂಗ್ಲೆಂಡಿನ ರೈಲಾಂಡ್ಸ್ ವರ್ಸಸ್ ಫ್ಲೆಚರ್, 1868ರ ತೀರ್ಪು, ಮಿಲ್ ಓನರ್ ತನ್ನ ಜಮೀನಲ್ಲಿ ನೀರು ಕಟ್ಟಿದ್ದ, ಅದು ಪಕ್ಕದವನ ಗಣಿಗೆ ನುಗ್ಗಿತು, ನಿನ್ನ ತಪ್ಪಿಲ್ಲದಿದ್ರೂ ನೀನು ಕೂಡಿಟ್ಟ ನೀರಿಗೆ ನೀನೇ ಹೊಣೆ ಅಂದ್ರು. ಇನ್ನೊಂದು ನಮ್ಮ ಪಕ್ಕದ್ದೇ, ಕೋಲಾರದಾಚೆ ಚಿತ್ತೂರು ಜಿಲ್ಲೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಮಳೆಗೆ ಒಡೆದು ಮದ್ರಾಸ್ ರೈಲ್ವೆಯ ಸೇತುವೆಗಳು ಹೋದ್ವು, ರೈಲ್ವೆಯವರು ಕೇಸ್ ಹಾಕಿದ್ರು. 1874ರಲ್ಲಿ ಪ್ರಿವಿ ಕೌನ್ಸಿಲ್, ಅಂದ್ರೆ ಆಗ ಭಾರತದ ಕೇಸುಗಳಿಗೆ ಕೊನೇ ಕೋರ್ಟಾಗಿದ್ದ ಲಂಡನ್ನಿನ ಸಮಿತಿ, ಹೇಳಿದ್ದು ಬೇರೆ: ಈ ಕೆರೆಗಳು ಅನಾದಿಯಿಂದ ಇರೋವು, ಸಾವಿರಾರು ಜನರ ಬದುಕಿಗೆ ಬೇಕಾದವು, ಕಾಪಾಡೋದು ಜಮೀನ್ದಾರರ ಕರ್ತವ್ಯ, ಅವರದು ನಿರ್ಲಕ್ಷ್ಯ ಇಲ್ಲದಿದ್ರೆ ಹೊಣೆ ಇಲ್ಲ. ನಮ್ಮ ಬೋಟಿಂಗ್ ಕೆರೆ ಯಾರ ಹೊಲಕ್ಕೂ ನೀರು ಕೊಡಲ್ಲ, ಅದು ಆ ಎರಡನೇ ಸಾಲಲ್ಲಿ ನಿಲ್ಲೋ ಹಾಗೇ ಇಲ್ಲ ಅಂತ ನನ್ನ ಅಭಿಪ್ರಾಯ. ಹಿಂದೆ ಕೆರೆ ಕಟ್ಟಿಸಿದವರಿಗೆ ಕಟ್ಟುಗೊಡಗೆ ಅಂತ ಜಮೀನು ಬಿಡ್ತಿದ್ರು, ಕೆರೆ ರಿಪೇರಿಗೆ ಬಿತ್ತುವಟ್ಟ ಅಂತ ಬೆಳೆಯಲ್ಲಿ ಪಾಲು ಎತ್ತಿಡ್ತಿದ್ರು, ಶಾಸನಗಳಲ್ಲಿ ಈ ಪದಗಳು ಮತ್ತೆ ಮತ್ತೆ ಬರ್ತವೆ. ಕೆರೆಗೊಬ್ಬ ದಿಕ್ಕು, ರಿಪೇರಿಗೊಂದು ದುಡ್ಡು. ನಮ್ಮ ಅಸೋಸಿಯೇಷನ್ ಬಜೆಟ್ಟಲ್ಲಿ ಕ್ಲಬ್‌ಹೌಸ್ ಪೇಂಟಿಗೆ ದುಡ್ಡಿತ್ತು, ಏರಿಗೆ ಒಂದು ಸಾಲೂ ಇರ್ಲಿಲ್ಲ.

ನಮ್ಮ ಸೀಮೆಲಿ ಇದು ಇನ್ನೂ ಮುಖ್ಯ ಯಾಕಂದ್ರೆ ಕೋಲಾರ ಚಿಕ್ಕಬಳ್ಳಾಪುರದ ಕೆರೆಗಳು ಸರಪಳಿ, ಮೇಲಿನ ಕೆರೆ ಕೋಡಿ ಹೋದ್ರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. 2021ರ ನವೆಂಬರ್ ಮಳೆಲಿ ವರ್ಷಗಟ್ಟಲೆ ಒಣಗಿದ್ದ ಕೆರೆಗಳೆಲ್ಲಾ ಸಾಲಾಗಿ ಕೋಡಿ ಬಿದ್ದಿದ್ದು ನೋಡಿದೀವಿ, ಜನ ಪೂಜೆ ಮಾಡಿ ಸಂತೋಷ ಪಟ್ಟಿದ್ದೂ ನೋಡಿದೀವಿ. ಹಂಗೆ ತುಂಬಿ ನಿಂತ ಕೆರೆ ಮೇಲೆ ನಮ್ಮ ಏರಿ ಒಡೆದು ನೀರು ಬಿದ್ರೆ ಊರ ಕೆರೆ ಏರಿನೂ ಉಳಿಯಲ್ಲ.

ಉಳಿದವು ಬೇಗ ಹೇಳ್ಬಿಡ್ತೀನಿ. ಏರಿ ಉದ್ದಕ್ಕೆ ಬಿರುಕು ಬಿಟ್ಟಿದ್ರೆ ಇಳಿಜಾರು ಜಾರೋ ಸೂಚನೆ, ಅಡ್ಡಕ್ಕೆ ಬಿಟ್ಟಿದ್ರೆ ನೀರಿಗೆ ನೇರ ದಾರಿ, ಅಡ್ಡ ಬಿರುಕು ಕಂಡ ದಿನವೇ ಇಂಜಿನಿಯರ್ ಕರೀರಿ. ಏರಿ ಮೇಲೆ ಜಾಲಿ, ಹೊಂಗೆ ಸಸಿ ಇದ್ದಾಗಲೇ ಕೀಳಿ, ದೊಡ್ಡ ಮರ ಆಗಿದ್ರೆ ಸುಮ್ನೆ ಕಡಿದು ಬಿಡಬೇಡಿ, ಬೇರು ಕೊಳೆತು ಅದೇ ಸುರಂಗ ಆಗುತ್ತೆ, ಕೇಳಿ ಮಾಡಿ. ಹುತ್ತ ಇದ್ರೆ ಪೂಜೆ ಮಾಡೋರಿಗೆ ಬೇಜಾರಾಗದಂಗೆ ಮಾತಾಡಿ ಏರಿಯಿಂದ ಆಚೆ ಸ್ಥಳ ಮಾಡ್ಕೊಡಿ. ಮೋಟರ್ ಬೋಟ್ ಅಲೆಗೆ ಕಲ್ಲುಕಟ್ಟಣೆ ಸಂದಿ ಬಿಟ್ಟಿದ್ರೆ ಮತ್ತೆ ಕೂರಿಸಿ.

ಕೊನೆಗೆ ನಾವು ಮಾಡ್ಕೊಂಡಿದ್ದು ಇಷ್ಟು. ಲೇಔಟ್ ಮಾಡಿದವರು, ಅಸೋಸಿಯೇಷನ್ ಇಬ್ಬರೂ ಸೈನ್ ಮಾಡಿರೋ ಒಂದು ಪತ್ರ, ಏರಿಯ ಯಾವ ಅಡಿಯಿಂದ ಯಾವ ಅಡಿವರೆಗೆ ಯಾರು ನೋಡ್ಕೋಬೇಕು ಅಂತ, ನಡುವಿನ ಬಿ ಖರಾಬಿನ ವಿಷಯಕ್ಕೆ ತಹಸೀಲ್ದಾರ್ ಆಫೀಸಿಗೂ ಸಣ್ಣ ನೀರಾವರಿ ಇಲಾಖೆಗೂ ಅರ್ಜಿ. ಮೇಂಟೆನೆನ್ಸಲ್ಲಿ ಪ್ಲಾಟಿಗೆ ತಿಂಗಳಿಗೆ ಇನ್ನೂರು ರೂಪಾಯಿ ಏರಿಗೆ ಅಂತಲೇ ಬೇರೆ ಖಾತೆ. ತೂಬಿನ ಹೊಸ ಬಾಗಿಲಿನ ಬೀಗದ ಕೈ ಎರಡು, ಒಂದು ವಾಚ್‌ಮನ್ ಅಣ್ಣನ ಹತ್ರ, ಇನ್ನೊಂದು ಕೆಳಗಿನ ಊರಲ್ಲಿ ತಾತನ ಮೊಮ್ಮಗನ ಹತ್ರ, ಯಾಕಂದ್ರೆ ಏರಿ ಒಡೆದ್ರೆ ನೀರು ಹೋಗೋದು ಅವರ ಮನೆಗೆ, ಅವರಿಗೆ ತೆಗೆಯೋ ಹಕ್ಕಿರಬೇಕು. ಆ ಹುಡುಗ ವಾರಕ್ಕೆರಡು ಸಲ ಬಂದು ಬಕೆಟ್ ಇಟ್ಟು ಟೈಮ್ ನೋಡಿ ಪುಸ್ತಕದಲ್ಲಿ ಬರೀತಾನೆ, ಅದಕ್ಕೆ ಸಂಬಳ ಕೊಡ್ತೀವಿ. ಮೊನ್ನೆ ಗುರುವಾರದ ಸಾಲು ಹಿಂಗಿದೆ: ಕೋಡಿಗೆ ನಾಲ್ಕಡಿ ಕಮ್ಮಿ, ಬಕೆಟ್ ತುಂಬೋಕೆ ಆರು ನಿಮಿಷ, ನೀರು ತಿಳಿ.